ಕೂಗಿದ ಜಾಗದಲ್ಲಿ ನಿಲ್ಲಬಾರದು

ಆಗಸ್ಟ್ 17, ಭಾನುವಾರ

ಬೆನ್ನುಚೀಲವನ್ನು ಅಟ್ಟದಿಂದ ಇಳಿಸಿ ಅಡುಗೆಮನೆಯ ನೆಲದ ಮೇಲೆ ತಲೆಕೆಳಗು ಮಾಡಿ ಕೊಡವಿದೆ. ಹೋದ ವರ್ಷದ ಪೈನ್ ಸೂಜಿಗಳು, ಅರ್ಧ ಕರಗಿದ ಮೇಣದಬತ್ತಿ, ಓರಿನ್‌ನ ಎಡಗೈ ಗವಸು. ಬಲಗೈಯದು ಎಲ್ಲಿ ಎಂದು ಕೇಳಿದೆ. ಭುಜ ಹಾರಿಸಿದ. ಏಪ್ರಿಲ್‌ನಿಂದ ಈ ಮನೆಯಲ್ಲಿ ಭುಜಗಳೇ ಮಾತಾಡುವುದು.

ಆಸ್ಪತ್ರೆಯಲ್ಲಿ ಅವನ ಧ್ವನಿಪೆಟ್ಟಿಗೆ ತೆಗೆದರು. ಗಡ್ಡೆಯೂ ಅದರ ಜೊತೆಗೇ ಹೋಯಿತು, ಆ ಮಟ್ಟಿಗೆ ಸಮಾಧಾನ. ಈಗ ಕೊರಳ ಬುಡದಲ್ಲಿ ಒಂದು ತೂತು. ಉಸಿರು ಅಲ್ಲಿಂದಲೇ ಒಳಗೆ, ಅಲ್ಲಿಂದಲೇ ಹೊರಗೆ. ಮಾತು ಕಲಿಸುವ ಹುಡುಗಿ ಕತ್ತಿಗೆ ಒತ್ತಿ ಹಿಡಿಯುವ ಒಂದು ಸಣ್ಣ ಯಂತ್ರ ಕೊಟ್ಟಳು. ಅದು ಝಿರ್ರೆನ್ನುತ್ತದೆ, ತುಟಿ ಆಡಿಸಿದರೆ ಆ ಝಿರ್ರೇ ಮಾತಾಗುತ್ತದೆ. ಓರಿನ್ ಒಂದೇ ಒಂದು ಸಲ ಒತ್ತಿ ನೋಡಿದ. ಡಬ್ಬದಲ್ಲಿ ಸಿಕ್ಕಿಬಿದ್ದ ಜೀರುಂಡೆಯ ಹಾಗೆ ಕೇಳಿಸಿತು. ಮನೆಗೆ ಬಂದವನೇ ಅದನ್ನು ಚಮಚಗಳ ಡ್ರಾಯರಿಗೆ ಹಾಕಿದ. ಅದರ ಹೆಸರು ಅಂದಿನಿಂದ ಜೀರುಂಡೆ. ದಿನವೂ ಏನಾದರೂ ಬರೆಯಿರಿ, ಇಬ್ಬರೂ, ಎಂದೂ ಆ ಹುಡುಗಿ ಹೇಳಿದ್ದಳು. ಅವನು ಬಿಳಿ ಹಲಗೆಯ ಮೇಲೆ "ಉಪ್ಪು" ಎಂದು ಬರೆದು ಅಳಿಸುತ್ತಾನೆ. ನಾನು ಇದನ್ನು ಬರೆಯುತ್ತಿದ್ದೇನೆ.

ರಾತ್ರಿಯೂಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಫ್ರೀಜರ್ ಖಾಲಿ ಆಗಿದೆ. ಸೆಪ್ಟೆಂಬರ್‌ನಲ್ಲಿ ನಾನು ಎಲ್ಕ್ ಬೇಟೆಗೆ ಹೋಗ್ತೀನಿ."

ಹಲಗೆಯ ಮೇಲೆ ಬರೆದ: "ಒಬ್ಬಳೇ?"

"ಇನ್ಯಾರನ್ನ ಕರ್ಕೊಂಡು ಹೋಗ್ಲಿ? ಪಾದ್ರಿನಾ?"

ಅಳಿಸಿದ. ತಟ್ಟೆ ತೊಳೆದು ಇಟ್ಟ.

ಮದುವೆಯಾದಾಗಿನಿಂದ ನಾವು ಜೋಡಿಯಾಗಿಯೇ ಹೋದವರು. ಅವನು ಹಿಂದೆ ಕೂತು ಕೂಗುವುದು, ನಾನು ಮುಂದೆ ಬಿಲ್ಲು ಹಿಡಿದು ನಿಲ್ಲುವುದು. ಓರಿನ್‌ನ ಕೂಗೆಂದರೆ ಈ ಕಣಿವೆಯಲ್ಲೆಲ್ಲ ಹೆಸರು. ಎಲ್ಕ್ ಹೋರಿಗಳು, ಆ ದೊಡ್ಡ ಗಂಡು ಜಿಂಕೆಗಳು, ಜಗಳಕ್ಕೆಂದು ಕಹಳೆ ಊದಿದರೆ ಅವನೂ ಊದುತ್ತಿದ್ದ. ಮುದಿ ಹೋರಿಗಳೂ ಮರ್ಯಾದೆಗೆಟ್ಟು ಓಡಿಬರುತ್ತಿದ್ದವು. ಈಗ ಅವನ ಉಸಿರು ಬಾಯಿಗೇ ಬರುವುದಿಲ್ಲ.

ಆಗಸ್ಟ್ 19, ಮಂಗಳವಾರ

ಸಾಮಾನನ್ನೆಲ್ಲ ಹೊದಿಕೆಯ ಮೇಲೆ ಹರಡಿದ್ದೇನೆ. ಮಲಗುವ ಚೀಲ, ಮೇಲೆ ಕಟ್ಟುವ ತಾಡಪಾಲು, ಒಲೆ, ಚಾಕು, ಮಾಂಸ ತುಂಬುವ ಬಟ್ಟೆಚೀಲಗಳು, ಕರಡಿಗೆ ಹೊಡೆಯುವ ಮೆಣಸಿನ ಡಬ್ಬಿ. ಕೂತರೂ ಅದೇ ಕಣ್ಣಿಗೆ ಬೀಳುತ್ತದೆ, ನಿಂತರೂ ಅದೇ. ಸ್ಕೂಲ್ ಬಸ್ಸು ಓಡಿಸುವಾಗಲೂ ತಲೆಯಲ್ಲಿ ಸಾಮಾನು ಜೋಡಿಸುತ್ತಿರುತ್ತೇನೆ. ಇವತ್ತು ಒಂದು ಮಗುವಿನ ಮನೆ ದಾಟಿ ಮುಂದೆ ಹೋಗಿಬಿಟ್ಟೆ. "ಮಿಸೆಸ್ ಲಿಂಡ್‌ಕ್ವಿಸ್ಟ್, ನಮ್ಮನೆ ಓಡಿಹೋಯ್ತು!" ಎಂದು ಕಿರುಚಿತು.

ಒಬ್ಬಳೇ ಹೋಗುವವಳಿಗೆ ಲೆಕ್ಕವೇ ಬೇರೆ. ಇಬ್ಬರಿದ್ದರೆ ಒಂದು ಒಲೆ, ಒಂದು ತಾಡಪಾಲು, ಭಾರ ಪಾಲಾಗುತ್ತದೆ. ಒಬ್ಬಳಿಗೂ ಒಲೆ ಒಂದೇ, ಆದರೆ ಬೆನ್ನೂ ಒಂದೇ. ಮೇಲಾಗಿ ಹೋರಿ ಬಿದ್ದರೆ ಆ ಕುದುರೆಗಾತ್ರದ ಪ್ರಾಣಿಯನ್ನು ತುಂಡು ಮಾಡಿ, ಅಷ್ಟನ್ನೂ ಇದೇ ಬೆನ್ನಿನ ಮೇಲೆ ಇಳಿಸಬೇಕು. ಹೊರಲಾರದಷ್ಟು ದೂರದಲ್ಲಿ ಹೊಡೆಯಬಾರದು ಎಂದು ನನ್ನ ಅಪ್ಪ ಹೇಳುತ್ತಿದ್ದ. ಬಿಟ್ಟು ಬಂದ ಮಾಂಸ ಕನಸಿನಲ್ಲಿ ಬರುತ್ತದಂತೆ.

ಕೊಟ್ಟಿಗೆಯಲ್ಲಿ ಓರಿನ್‌ನ ತೂಗುತಕ್ಕಡಿಯ ಕೊಕ್ಕೆಗೆ ಚೀಲ ಸಿಕ್ಕಿಸಿದೆ. ಮುಳ್ಳು ನೋಡಿ ನಾನೇ ನಾಚಿದೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ ಬಿಸಾಡಿದೆ. ನಕಾಶೆಯ ಅಂಚು ಕತ್ತರಿಸಿದೆ. ಓರಿನ್ ಬಾಗಿಲಲ್ಲಿ ನಿಂತು ನೋಡಿದ, ಹೋದ.

ಮಿಸ್ಸೌಲಾದಿಂದ ಮಗಳು ಕೋರಾ ಫೋನ್ ಮಾಡಿದಳು.

"ಅಮ್ಮಾ, ನಿಂಗೆ ಅರವತ್ತೊಂದು."

"ನಂಗೂ ಗೊತ್ತು ಕಣೇ. ಹುಟ್ಟಿದೋಳು ನಾನೇ."

"ಕಾಲು ಉಳುಕಿದ್ರೆ? ಕರಡಿ ಬಂದ್ರೆ?"

"ಕರಡಿ ಬಂದ್ರೆ ಉಳುಕಿದ ಕಾಲೂ ಓಡುತ್ತೆ."

"ತಮಾಷೆ ಬೇಡ. ಅಪ್ಪ ಏನಂದ್ರು?"

ಅಪ್ಪ ಏನನ್ನುತ್ತಾನೆ? ಅವನು ಏನೂ ಅನ್ನುವುದಿಲ್ಲವಲ್ಲ. "ಹೂಂ ಅಂದ್ರು" ಎಂದೆ.

ಆಗಸ್ಟ್ 21, ಗುರುವಾರ

ಕೂಗು ಕಲಿಯಲು ಶುರುಮಾಡಿದೆ. ಬಾಯಿಯ ಅಂಗುಳಕ್ಕೆ ಒಂದು ರಬ್ಬರ್ ಪರೆ ಅಂಟಿಸಿಕೊಂಡು, ಅದರ ಮೇಲೆ ಉಸಿರು ತಳ್ಳಿ, ಕೊಳವೆಯೊಳಗೆ ಊದಬೇಕು. ಓರಿನ್ ಊದಿದರೆ ಬೆಟ್ಟದ ಒಡೆಯ ಬಂದ ಹಾಗೆ. ನಾನು ಊದಿದರೆ ಬಾಗಿಲ ಸಂದಿಗೆ ಕಾಲು ಸಿಕ್ಕ ಬಾತುಕೋಳಿ. ಎರಡು ಸಲ ವಾಂತಿ ಬಂದ ಹಾಗಾಯಿತು.

ಅಡುಗೆಮನೆಯ ಮೇಜಿನಿಂದ ಟಕ್ ಎಂದು ಶಬ್ದ. ಓರಿನ್ ಪತ್ರಿಕೆಯಿಂದ ತಲೆ ಎತ್ತಿಲ್ಲ. ಗೆಣ್ಣಿನಿಂದ ಮೇಜು ಕುಟ್ಟಿದ್ದಾನೆ. ಮತ್ತೆ ಊದಿದೆ. ಟಕ್. ಮತ್ತೊಮ್ಮೆ. ಟಕ್.

"ಒಂದ್ ಟಕ್ ಅಂದ್ರೆ ಏನು? ಸರಿನಾ, ತಪ್ಪಾ?"

ಪತ್ರಿಕೆಯ ಹಾಳೆ ತಿರುಗಿಸಿದ. ಸಿಟ್ಟಿನಲ್ಲಿ ಹೊಟ್ಟೆಯಿಂದ ಎಳೆದು ಊದಿದೆ. ಟಕ್ ಟಕ್.

ಎರಡೆಂದರೆ ಸರಿ. ಗೊತ್ತಾಯಿತು. ನೆರೆಮನೆಯ ನಾಯಿ ಬೊಗಳುವ ತನಕ ಊದಿದೆ.

ಆಗಸ್ಟ್ 24, ಭಾನುವಾರ

ನನಗೆ ಮರೆವು ಬಂದಿದೆ ಎಂದುಕೊಂಡಿದ್ದೆ. ಮೊನ್ನೆ ಚೀಲದಲ್ಲಿ ನಾನು ಇಡದ ಒಂದು ಸುರುಳಿ ಹಗ್ಗ. ನಿನ್ನೆ ಕಿತ್ತಳೆ ಬಣ್ಣದ ರಿಬ್ಬನ್ ಉಂಡೆ. ಇವತ್ತು ನನ್ನ ಎರಡನೆಯ ಅಂಗಿ ಮಾಯ, ಅದರ ಜಾಗದಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ.

ಮರೆವಲ್ಲ, ಓರಿನ್. ನಾನು ಬಸ್ಸಿಗೆ ಹೋದ ಮೇಲೆ ಚೀಲ ಬಿಚ್ಚುತ್ತಾನೆ.

ಹಗ್ಗ ತೆಗೆದು ಅವನ ತಟ್ಟೆಯ ಪಕ್ಕ ಇಟ್ಟೆ. "ಬೇಡ, ಭಾರ." ಸಂಜೆಗೆ ಹಗ್ಗ ಮತ್ತೆ ಚೀಲದಲ್ಲಿ, ಅರ್ಧಕ್ಕೆ ಕತ್ತರಿಸಿದ್ದು. ಅಂದರೆ, ನಿನ್ನ ಮಾತಿಗೆ ಅರ್ಧ, ನನ್ನ ಮಾತಿಗೆ ಅರ್ಧ. ಇಂಥ ಚೌಕಾಸಿ! ರಿಬ್ಬನ್ ಮಾತ್ರ ಇರಲಿ ಎಂದು ಬಿಟ್ಟೆ. ಹೋರಿ ಬಿದ್ದ ಜಾಗಕ್ಕೆ ಮರದಿಂದ ಮರಕ್ಕೆ ಗುರುತು ಕಟ್ಟಿಕೊಂಡು ಹೋಗಲು ಬೇಕಾಗುತ್ತದೆ, ನನಗೇ ಹೊಳೆದಿರಲಿಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇದೆ. ಮಾತು ಇಲ್ಲದವನ ಜೊತೆಗೂ ದಿನವಿಡೀ ಜಗಳ ಆಡಬಹುದು ಎಂದು ಗಾದೆ ಕಟ್ಟಿದವರಿಗೆ ಗೊತ್ತಿರಲಿಲ್ಲ.

ಆಗಸ್ಟ್ 27, ಬುಧವಾರ

ಒಂದು ಚಿಂತೆ ಬಿಡುತ್ತಿಲ್ಲ. ಹೋರಿ ಕೂಗಿಗೆ ಬರುತ್ತದೆ, ನೇರ ಕೂಗಿನ ಬಾಯಿಗೇ ಬರುತ್ತದೆ. ಜೋಡಿ ಇದ್ದಾಗ ಅದರ ಕಣ್ಣು ಹಿಂದೆ ಕೂತ ಓರಿನ್‌ನ ಮೇಲೆ, ಮುಂದೆ ಮರದ ಮರೆಯಲ್ಲಿ ನಿಂತ ನಾನು ಅದಕ್ಕೆ ಕಾಣುತ್ತಿರಲಿಲ್ಲ. ಕೂಗುವವಳೂ ನಾನೇ, ಹೊಡೆಯುವವಳೂ ನಾನೇ ಆದರೆ? ಅದು ನನ್ನ ಮುಖವನ್ನೇ ನೋಡುತ್ತಾ ಬರುತ್ತದೆ. ಬಿಲ್ಲು ಎಳೆಯಲು ಕೈ ಎತ್ತಿದ ಕೂಡಲೇ ಓಟ.

ಇದನ್ನು ಕೊಟ್ಟಿಗೆಯಲ್ಲಿ ಗಟ್ಟಿಯಾಗಿ ಹೇಳಿಕೊಂಡೆ, ಯಾರಿಗೂ ಅಲ್ಲ. ಓರಿನ್ ಲಾಳದ ಮೊಳೆಗಳ ಡಬ್ಬ ತೆಗೆದು ಬೆಂಚಿನ ಮೇಲೆ ಒಂದು ಮೊಳೆ ನಿಲ್ಲಿಸಿದ. ಅದರೆದುರು ದೂರದಲ್ಲಿ ಒಂದು ಲಾಳ ಇಟ್ಟ. ಮೊಳೆಯ ಹತ್ತಿರ ಬಾಯಿ ತೆರೆದು ಕೂಗುವ ಹಾಗೆ ಮಾಡಿದ. ಆಮೇಲೆ ಮೊಳೆಯನ್ನು ಲಾಳದ ಕಡೆಗೇ ಸರಸರ ಸರಿಸಿ, ಪಕ್ಕಕ್ಕೆ ಒಂದಿಷ್ಟು ವಾಲಿಸಿ ನಿಲ್ಲಿಸಿದ. ಲಾಳವನ್ನು ನಿಧಾನಕ್ಕೆ ತಳ್ಳಿದ. ಅದು ಮೊಳೆಯ ಪಕ್ಕದಲ್ಲೇ ಹಾದು, ಕೂಗು ಹೊರಟಿದ್ದ ಖಾಲಿ ಜಾಗದ ಕಡೆಗೆ ಹೋಯಿತು.

ಹಲಗೆಯ ಮೇಲೆ ಬರೆದ: "ಕೂಗಿದ ಜಾಗದಲ್ಲಿ ನಿಲ್ಲಬಾರದು. ಧ್ವನಿ ಅಲ್ಲೇ ಬಿಡು. ಮುಂದೆ ನಡೆ."

"ಹೋರಿ ಕಡೆಗೇನಾ? ಹುಚ್ಚಾ ನಿಂಗೆ?"

ಟಕ್ ಟಕ್.

ಆಗಸ್ಟ್ 31, ಭಾನುವಾರ

ನಗು ಇನ್ನೂ ನಿಂತಿಲ್ಲ, ಬರೆದೇ ಬಿಡುತ್ತೇನೆ.

ಬೆಳಗ್ಗೆ ಮಂಜು ಇರುವಾಗಲೇ ಮನೆಯ ಹಿಂದಿನ ಬೋರೆಗೆ ಹೋಗಿ ಒಂದು ಕಹಳೆ ಊದಿದೆ. ಮೇಲಿನಿಂದ ಉತ್ತರ ಬಂತು! ಒರಟು, ಮುದಿ, ಕೊನೆಯಲ್ಲಿ ಗೊಗ್ಗರು. ಓರಿನ್ ತೋರಿಸಿದ ಹಾಗೆ ಊದಿದ ಜಾಗ ಬಿಟ್ಟು ಬಗ್ಗಿ ಬಗ್ಗಿ ಮುಂದಕ್ಕೆ ಓಡಿ ಒಂದು ಜೂನಿಪರ್ ಪೊದೆ ಹಿಡಿದೆ. ಮೇಲೆ ಕಡ್ಡಿ ಮುರಿದ ಸದ್ದು. ಇನ್ನೂ ಹತ್ತಿರ. ಪೊದೆಯ ಆಚೆ ಉಸಿರಾಟ. ಎದ್ದು ನೋಡುತ್ತೇನೆ, ನಾಲ್ಕು ಕಾಲಲ್ಲಿ ತೆವಳುತ್ತಾ ನನ್ನನ್ನೇ ದಾಟಿ ಕೆಳಗೆ ಹೋಗುತ್ತಿದ್ದಾನೆ ಮೈದುನ ಮರ್ಲ್! ಕೊರಳಲ್ಲಿ ದುರ್ಬೀನು, ಬಾಯಲ್ಲಿ ಕೊಳವೆ.

"ಎಲ್ಲಿಗಪ್ಪಾ ಸವಾರಿ?" ಎಂದೆ.

ಮರ್ಲ್ ಇದ್ದಲ್ಲೇ ಅಡ್ಡ ಬಿದ್ದ. "ಅತ್ತಿಗೇ! ಇಲ್ಲಿಂದ ಹೋಗಿ, ಕೆಳಗೊಂದು ದೊಡ್ಡ ಹೋರಿ ಇದೆ!"

"ಆ ಹೋರಿನೇ ನಿನ್ನ ಜೊತೆ ಮಾತಾಡ್ತಿರೋದು."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಟೋಪಿ ತೆಗೆದು ನೆಲಕ್ಕೆ ಹೊಡೆದ. "ನಲವತ್ತು ವರ್ಷ ಬೇಟೆ ಆಡಿ ಸ್ಕೂಲ್ ಬಸ್ ಡ್ರೈವರ್‌ಗೆ ಮೋಸ ಹೋದೆ. ಅಣ್ಣಂಗೆ ಹೇಳ್ಬೇಡಿ, ಕೈ ಮುಗೀತೀನಿ."

ಓರಿನ್‌ಗೆ ಹೇಳಿದೆ. ಹೇಳದೆ ಇರುವುದುಂಟೆ? ನಾನೇ ಮರ್ಲ್ ಆಗಿ, ನಾನೇ ನಾನೂ ಆಗಿ, ಅಡುಗೆಮನೆಯ ನೆಲದ ಮೇಲೆ ತೆವಳಿ ತೋರಿಸಿದೆ. ಅವನ ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು, ಕೊರಳ ತೂತಿನಿಂದ ಕುಕ್ಕರಿನ ಹಾಗೆ ಸುಯ್ ಸುಯ್ ಎಂದು ಗಾಳಿ. ಸದ್ದಿಲ್ಲದ ನಗು ಎಷ್ಟು ಹೊತ್ತಾದರೂ ನಡೆಯುತ್ತದೆ ನೋಡಿ, ಗಂಟಲು ಸೋಲುವುದಿಲ್ಲ.

ಸೆಪ್ಟೆಂಬರ್ 3, ಬುಧವಾರ

ಈಗ ಬಸ್ಸಿನಿಂದ ಬಂದವಳು ಕೋಟು ಬಿಚ್ಚುವ ಮೊದಲು ಚೀಲ ಬಿಚ್ಚುತ್ತೇನೆ. ಮೊನ್ನೆ ಸಾರ್ಡೀನ್ ಮೀನಿನ ಡಬ್ಬಿ ಇತ್ತು. ತೆಗೆದೆ. ನಿನ್ನೆ ಅದು ಮತ್ತೆ ಇತ್ತು. ಅದಕ್ಕೆ ನಾನು ಅವನ ಬೂಟಿನೊಳಗೆ ಇಟ್ಟೆ. ಇವತ್ತು ಡಬ್ಬಿ ಇಲ್ಲ, ಒಣಗಿಸಿದ ಮಾಂಸದ ಒಂದು ಪೊಟ್ಟಣ ಇದೆ, ಬರೀ ಗಾಳಿಯಷ್ಟು ಹಗುರ. ಒಪ್ಪಿದೆ.

ಮರ್ಲ್ ಕಾಫಿಗೆ ಬಂದಿದ್ದ. ಜಗಲಿಯ ಅಂಚಿನಲ್ಲಿ ಸಾಲಾಗಿರುವ ಕಲ್ಲುಗಳ ಮೇಲೆ ಕಾಲಿಟ್ಟುಕೊಂಡು, "ಈ ವರ್ಷ ಯಾರ್ ಕಲ್ಲು ಬರುತ್ತೋ" ಎಂದ. ನಮ್ಮ ಬಿಡಾರದ ಹಳೆಯ ಚೇಷ್ಟೆ ಅದು. ಯಾರೋ ಒಬ್ಬರ ಚೀಲದ ತಳಕ್ಕೆ ಗುಟ್ಟಾಗಿ ಅವರ ಹೆಸರು ಬರೆದ ಒಂದು ಹೊಳೆಗಲ್ಲು ಸೇರುತ್ತದೆ. ಗುಂಜಿ ಗುಂಜಿ ತೂಕ ಇಳಿಸಿ ಬೀಗಿದವರಿಗೇ ಹೆಚ್ಚಾಗಿ. ಬೆಟ್ಟ ಹತ್ತಿ ಚೀಲ ಬಿಚ್ಚಿದಾಗ ಕಲ್ಲು ಸಿಕ್ಕವರು ಬೈಯಬಹುದು, ಒದೆಯಬಹುದು, ಆದರೆ ಬಿಸಾಡುವಂತಿಲ್ಲ. ಮನೆಯ ತನಕ ಹೊತ್ತು ತರಬೇಕು. ಬಿಟ್ಟು ಬಂದರೆ ಬೆಟ್ಟ ಮುನಿಯುತ್ತದೆ, ಮರುವರ್ಷ ಮಾಂಸವಿಲ್ಲ. ಓರಿನ್ ಯಾವ ದೇವರನ್ನೂ ನಂಬುವವನಲ್ಲ, ಇದನ್ನು ಮಾತ್ರ ನಂಬುತ್ತಾನೆ. ಸಾಲಿನಲ್ಲಿ ಮರ್ಲ್‌ನ ಹೆಸರಿನ ಕಲ್ಲುಗಳೇ ಹೆಚ್ಚು, ನನ್ನವು ಕೆಲವು, ಕೋರಾಳದೊಂದು. ಓರಿನ್‌ನ ಹೆಸರಿನದು ಒಂದೂ ಇಲ್ಲ. ಹಾಕುವವನು ಅವನೇ ತಾನೇ.

"ಈ ವರ್ಷ ಯಾರೂ ಇಲ್ಲ ಮರ್ಲ್. ಹೋಗ್ತಿರೋಳು ನಾನೊಬ್ಳೇ" ಎಂದೆ.

ಓರಿನ್ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದ.

ಸೆಪ್ಟೆಂಬರ್ 5, ಶುಕ್ರವಾರ

ಮಾತು ಕಲಿಸುವ ಹುಡುಗಿ ಫೋನ್ ಮಾಡಿದ್ದಳು. ಓರಿನ್ ಮೂರು ವಾರದಿಂದ ತರಗತಿಗೇ ಹೋಗಿಲ್ಲವಂತೆ. ಪಿಕಪ್ ತೆಗೆದುಕೊಂಡು ಹೋಗುತ್ತಾನೆ, ನಾನು ತರಗತಿಗೆಂದುಕೊಂಡಿದ್ದೆ. ಹೊಳೆಯ ಬಳಿ ಕೂತು ಬರುತ್ತಾನೆ.

ಅದೇ ಬಿಸಿಯಲ್ಲಿ ಚೀಲ ಬಿಚ್ಚಿದೆ. ತಲೆದೀಪದ ಪೊಟ್ಟಣದಲ್ಲಿ ಹೆಚ್ಚುವರಿ ಬ್ಯಾಟರಿ ಇದ್ದವು. ಎಲ್ಲಿಂದ ಬಂದವು ಎಂದು ನನಗೆ ತಕ್ಷಣ ಗೊತ್ತಾಯಿತು. ಡ್ರಾಯರ್ ಎಳೆದು ಜೀರುಂಡೆಯನ್ನು ತೆಗೆದು ನೋಡಿದೆ. ಹೊಟ್ಟೆ ಖಾಲಿ.

ಕೊಟ್ಟಿಗೆಗೆ ಹೋಗಿ ಬ್ಯಾಟರಿಗಳನ್ನು ಅವನ ಮುಂದೆ ಬೆಂಚಿಗೆ ಎಸೆದೆ.

"ನಿನ್ನ ಗಂಟಲಿಂದ ಕಿತ್ತಿದ್ದನ್ನ ನನ್ನ ದೀಪಕ್ಕೆ ಹಾಕ್ತೀಯಾ? ಐದು ತಿಂಗಳು ಆಯ್ತು ಓರಿನ್! ಗೋಡೆ ಜೊತೆ ಸಂಸಾರ ಮಾಡ್ತಿದ್ದೀನಿ. ಮಾತಾಡೋದಾದ್ರೆ ಮಾತಾಡು. ಇಲ್ದಿದ್ರೆ ನನ್ನ ಚೀಲಕ್ಕೆ ಕೈ ಹಾಕ್ಬೇಡ."

ಅವನು ಹಲಗೆ ಹುಡುಕಲಿಲ್ಲ. ಭುಜವನ್ನೂ ಹಾರಿಸಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಚೀಲ ನಾನಿಟ್ಟ ಹಾಗೇ ಇದೆ.

ಸೆಪ್ಟೆಂಬರ್ 8, ಸೋಮವಾರ

ಹಾಗೇ ಇದೆ.

ಸೆಪ್ಟೆಂಬರ್ 9, ಮಂಗಳವಾರ

ಚೀಲದ ಬಾಯಿ ಕಟ್ಟಿದ ಹುರಿಯ ಗಂಟಿನಲ್ಲಿ ಒಂದು ಪೈನ್ ಸೂಜಿ ಸಿಕ್ಕಿಸಿ ಹೋಗಿದ್ದೆ. ಸಂಜೆಗೂ ಅಲ್ಲೇ ಇತ್ತು. ಯಾರೂ ಬಿಚ್ಚಿಲ್ಲ. ಒಳ್ಳೆಯದೇ ಆಯಿತು, ನನ್ನ ಸಾಮಾನು ನನ್ನ ಇಷ್ಟದಂತಿರಲಿ ಎಂದುಕೊಂಡು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದೆ. ಹಗ್ಗ ತೆಗೆದೆ, ಹಾಕಿದೆ. ಕೂಗನ್ನೂ ಊದಿದೆ. ಮೇಜು ಕುಟ್ಟಲಿಲ್ಲ. ಸರಿಯೋ ತಪ್ಪೋ ಹೇಗೆ ತಿಳಿಯಬೇಕು?

ಸೆಪ್ಟೆಂಬರ್ 10, ಬುಧವಾರ

ಇವತ್ತು ಒಂದು ಹುಚ್ಚು ಕೆಲಸ ಮಾಡಿದೆ. ಚೀಲದ ತಳಕ್ಕೆ ಸಣ್ಣ ಬೀಡುಕಬ್ಬಿಣದ ಬಾಣಲೆಯನ್ನು ಹಾಕಿದೆ. ಬ್ರಷ್ಷಿನ ಹಿಡಿ ಕತ್ತರಿಸಿದವಳು ಕಬ್ಬಿಣ ಹೊರುವುದೇ! ಈ ಕಣಿವೆಯಲ್ಲಿ ಯಾರು ನೋಡಿದರೂ ಕೈ ತಡೆಯಲಾರದೆ ತೆಗೆದು ಬಿಸಾಡುವಂಥ ತಪ್ಪು. ಹೋರಿಯ ಪಿತ್ತಜನಕಾಂಗ ಬಿಸಿಬಿಸಿ ಹುರಿಯಲು ಬೇಕು ಎಂದು ಓರಿನ್‌ಗೆ ಕೇಳುವ ಹಾಗೆ ಗಟ್ಟಿಯಾಗಿಯೇ ಹೇಳಿದೆ. ತಲೆ ಎತ್ತಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಬಾಣಲೆ ಹಾಗೇ ಇದೆ. ನಾಳೆ ಹೊರಡಬೇಕು. ತೆಗೆಯೋಣವೆಂದರೆ ಸೋತ ಹಾಗೆ, ಹೊರೋಣವೆಂದರೆ ಮಂಡಿ ಕೇಳುತ್ತಿಲ್ಲ. ತಕ್ಕಡಿಗೆ ತೂಗುಹಾಕಿ ಮುಳ್ಳು ನೋಡಿದೆ, ಬೈದುಕೊಂಡೆ, ಹಾಗೇ ಬಿಟ್ಟೆ. ನಾನೇ ಹಾಕಿದ್ದು, ನಾನೇ ಹೊರುತ್ತೇನೆ.

ಕೋರಾ ಕೊಡಿಸಿದ ಸಂದೇಶದ ಯಂತ್ರವನ್ನು ಪಟ್ಟಿಗೆ ಸಿಕ್ಕಿಸಿದ್ದೇನೆ. ಫೋನ್ ಹತ್ತದ ಕಡೆಯೂ ಅದು ಆಕಾಶದ ಮೂಲಕ ನಾಲ್ಕು ಪದ ಕಳಿಸುತ್ತದಂತೆ. ಈ ಪುಸ್ತಕ ಭಾರ. ಮೂರು ಹಾಳೆ ಹರಿದುಕೊಂಡಿದ್ದೇನೆ, ಬರೆಯದೆ ಇರಲು ಆಗುತ್ತಿಲ್ಲವಲ್ಲ.

ಸೆಪ್ಟೆಂಬರ್ 13, ಶನಿವಾರ. ಲಾಸ್ಟ್ ಮೇರ್ ತೊರೆಯ ಮೇಲೆ

ಬೆಳಗ್ಗೆ ಹೊರಡುವ ಮೊದಲು ಚಟಕ್ಕೆಂದು ಮತ್ತೊಮ್ಮೆ ತೂಗಿದೆ. ನಿನ್ನೆಯಷ್ಟೇ. ಓರಿನ್ ಪಿಕಪ್‌ನಲ್ಲಿ ಕಾಲುದಾರಿ ಶುರುವಾಗುವ ತನಕ ಬಿಟ್ಟ. ದಾರಿಯುದ್ದಕ್ಕೂ ರೇಡಿಯೋದಲ್ಲಿ ಹುಲ್ಲಿನ ಬೆಲೆ ಕೇಳಿದೆವು. ಚೀಲ ಬೆನ್ನಿಗೆ ಏರಿಸಲು ಕೈಕೊಟ್ಟ, ಪಟ್ಟಿ ಬಿಗಿದ, ಎರಡು ಬೆರಳಿನಿಂದ ಚೀಲದ ಬೆನ್ನು ತಟ್ಟಿದ. ಟಕ್ ಟಕ್. "ಬರ್ತೀನಿ" ಎಂದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಏನಾದರೂ ಹೇಳಬೇಕಾಗುತ್ತಿತ್ತು.

ಹತ್ತುವಾಗ ಪ್ರತಿ ತಿರುವಿನಲ್ಲೂ ಆ ಬಾಣಲೆ ಸೊಂಟಕ್ಕೆ ಗುದ್ದಿತು. ಪ್ರತಿ ಗುದ್ದಿಗೂ ಅವನಿಗೆ ಒಂದು ಬೈಗುಳ, ನನಗೆ ಎರಡು.

ಸಂಜೆ ಒಂದು ದೊಡ್ಡ ಫರ್ ಮರದಡಿ ತಾಡಪಾಲು ಕಟ್ಟಿದೆ. ಹೊತ್ತದ್ದಂತೂ ಹೊತ್ತೆ, ರೊಟ್ಟಿಯನ್ನಾದರೂ ಬಿಸಿಮಾಡೋಣ ಎಂದು ತಳಕ್ಕೆ ಕೈ ಹಾಕಿದೆ. ಬಾಣಲೆಯ ಹಿಡಿ ಸಿಗಲಿಲ್ಲ. ಉಣ್ಣೆಯ ಕಾಲುಚೀಲ ಸಿಕ್ಕಿತು. ಅದರೊಳಗೆ ಏನೋ ಗುಂಡಗೆ, ತಣ್ಣಗೆ.

ಹೊಳೆಗಲ್ಲು! ಹಸಿರು ಮಿಶ್ರಿತ ಬೂದು ಬಣ್ಣ, ಮಧ್ಯದಲ್ಲಿ ಒಂದು ಬಿಳಿ ಗೆರೆ. ಬಾಣಲೆಯಷ್ಟೇ ತೂಕ, ಗುಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಷ್ಟು ಕಲ್ಲು ತೂಗಿ ಆರಿಸಿದನೋ ಮುದುಕ! ಮೇಲೆ ಹಲಗೆಯ ಕಪ್ಪು ಶಾಯಿಯಲ್ಲಿ, ದಪ್ಪಕ್ಷರದಲ್ಲಿ ನನ್ನ ಹೆಸರು: "ನೆಡ್ರಾ".

ಬೇಟೆಯ ಬೆಟ್ಟದಲ್ಲಿ ಪಿಸುಮಾತೂ ಆಡಬಾರದು. ನಾನು ಹೊಟ್ಟೆ ಹಿಡಿದು ಕಿರುಚಿ ನಕ್ಕೆ. "ಕಳ್ಳ ನನ್ಮಗನೇ!" ಎಂದು ಕಣಿವೆಗೆ ಕೇಳುವ ಹಾಗೆ ಕೂಗಿದೆ. ಕೂಗು ಎದುರಿನ ಬಂಡೆಗೆ ಬಡಿದು ತಿರುಗಿ ಬಂತು. ಅದರ ಹಿಂದೆಯೇ, ಮೇಲಿನ ಬೋಗುಣಿಯಂಥ ತಗ್ಗಿನಿಂದ, ಒಂದು ಹೋರಿ ಕಹಳೆ ಊದಿತು. ಮರ್ಲ್ ಅಲ್ಲ. ಈ ಸಲ ನಿಜವಾದದ್ದೇ.

ಸೆಪ್ಟೆಂಬರ್ 15, ಸೋಮವಾರ

ಕೈಗೆ ರಕ್ತ ಮೆತ್ತಿದೆ, ಹಾಳೆಗೂ. ಚಿಕ್ಕದಾಗಿ ಬರೆಯುತ್ತೇನೆ.

ಮುಂಜಾನೆ ಊದಿದೆ. ಉತ್ತರ ಕೊಟ್ಟಿತು. ಎರಡನೆಯ ಸಲ ಊದಿ, ಧ್ವನಿಯನ್ನು ಅಲ್ಲೇ ಬಿಟ್ಟು, ಅದರ ಕಡೆಗೇ ನಡೆದೆ. ಒಂದು ಸತ್ತ ಮರದ ಪಕ್ಕ ವಾಲಿ ನಿಂತೆ. ಬಂತು. ಕೊಂಬಿನಲ್ಲಿ ಹುಲ್ಲು ಸಿಕ್ಕಿಸಿಕೊಂಡು, ನನ್ನನ್ನು ಹಾದು, ನಾನಿಲ್ಲದ ಜಾಗವನ್ನೇ ದಿಟ್ಟಿಸುತ್ತಾ. ಬಿಲ್ಲು ಎಳೆದದ್ದು ಅದಕ್ಕೆ ಕಾಣಲಿಲ್ಲ. ದೂರ ಓಡಲಿಲ್ಲ, ನೋಯಲೂ ಇಲ್ಲ ಎಂದುಕೊಂಡಿದ್ದೇನೆ. ಪಕ್ಕದಲ್ಲಿ ಕೂತು ಕೊರಳ ಮೇಲೆ ಕೈಯಿಟ್ಟೆ. ಇನ್ನೂ ಬಿಸಿ ಇತ್ತು.

ಆಮೇಲೆ ಎಂದಿನ ಚಟದಂತೆ "ಬಾರೋ, ಬಿತ್ತು" ಎಂದು ಹಿಂದಕ್ಕೆ ತಿರುಗಿ ಕರೆದೆ.

ಅರ್ಧ ಹಗ್ಗ ಸರಿಯಾಗಿ ಸಾಕಾಯಿತು, ಕಾಲುಗಳನ್ನು ಮರಕ್ಕೆ ಎತ್ತಿ ಕಟ್ಟಲು. ಆಕಾಶದ ಯಂತ್ರದಿಂದ ಸಂದೇಶ ಕಳಿಸಿದೆ: "ಹೋರಿ ಬಿತ್ತು. ಐಸು ತಾ." ಕಲ್ಲಿನ ವಿಷಯ ಬರೆಯಲಿಲ್ಲ. ಕಾಯಲಿ.

ಸೆಪ್ಟೆಂಬರ್ 18, ಗುರುವಾರ. ಮನೆ

ಎಷ್ಟು ಸಲ ಹತ್ತಿದೆ, ಎಷ್ಟು ಸಲ ಇಳಿದೆ ಎಂದು ನನ್ನ ಮಂಡಿಗಳನ್ನು ಕೇಳಬೇಕು. ಕಿತ್ತಳೆ ರಿಬ್ಬನ್ ಇಲ್ಲದಿದ್ದರೆ ಇನ್ನೂ ಅಲ್ಲೇ ಸುತ್ತುತ್ತಿದ್ದೆ. ಒಂದು ತುಂಡೂ ಬಿಟ್ಟಿಲ್ಲ.

ಪ್ರತಿ ಸಲ ಇಳಿದಾಗಲೂ ಓರಿನ್ ಐಸಿನ ಪೆಟ್ಟಿಗೆಗಳೊಂದಿಗೆ ಪಿಕಪ್‌ನ ಹಿಂಬಾಗಿಲ ಮೇಲೆ ಕೂತಿರುತ್ತಿದ್ದ. ಮಾಂಸ ಇಳಿಸಿಕೊಳ್ಳುತ್ತಿದ್ದ, ಕೊಂಬು ಸವರುತ್ತಿದ್ದ, ಆಮೇಲೆ ಚೀಲದ ಕಡೆ ನೋಡುತ್ತಿದ್ದ, ಆಮೇಲೆ ನನ್ನ ಮುಖ. ನಾನು ನೀರು ಕುಡಿದು ಮತ್ತೆ ಹೊರಟುಬಿಡುತ್ತಿದ್ದೆ. ನಿನ್ನೆ, ಕೊನೆಯ ಹೊರೆಯ ಹೊತ್ತಿಗೆ, ತಡೆಯಲಾರದೆ ಹಲಗೆ ಎತ್ತಿದ: "ಚೀಲದಲ್ಲಿ ಏನಾದ್ರೂ ಸಿಕ್ತಾ?"

"ಓ, ಆ ಕಲ್ಲಾ? ಸಿಕ್ತಪ್ಪ."

ಕೈ ಚಾಚಿದ, ಕೊಡು ಎಂದು.

"ಮಾಂಸ ಹೊರೋಳು ಕಲ್ಲು ಹೊರ್ತಾಳಾ? ಮೇಲೇ ಫರ್ ಮರದ ಬುಡದಲ್ಲಿ ಬಿಟ್ಟೆ."

ಅವನ ಮುಖ ಕೆಂಪಾಯಿತು. ಹಲಗೆಗೆ ಏನೋ ಗೀಚಿದ, ಸಾಲಲಿಲ್ಲ, ಅಳಿಸಿದ, ಮತ್ತೆ ಗೀಚಿದ, ಅಕ್ಷರದ ಮೇಲೆ ಅಕ್ಷರ ಹತ್ತಿತು. ಹಲಗೆಯನ್ನು ಪಿಕಪ್‌ಗೆ ಎಸೆದು ಅಂಗಿಯ ಜೇಬಿಗೆ ಕೈ ಹಾಕಿದ. ಜೀರುಂಡೆ! ಡ್ರಾಯರಿನಲ್ಲಿ ಇರಬೇಕಾದದ್ದು ಅವನ ಜೇಬಿಗೆ ಯಾವಾಗ ಬಂತೋ, ಕೇಳಲು ಪುರುಸೊತ್ತು ಎಲ್ಲಿತ್ತು? ಕತ್ತಿಗೆ ಒತ್ತಿದ. ಝಿರ್ರ್.

"ಬಿಟ್... ಬಂದ್ಯಾ?"

"ಏನು? ಕೇಳಿಸ್ಲಿಲ್ಲ."

"ಬಿಟ್ಟು ಬಂದ್ಯಾ, ಮುದುಕೀ! ಮುಂದಿನ್ ವರ್ಷ ಏನ್ ತಿಂತೀಯಾ? ಹುಲ್ಲಾ?"

ಏರಿಳಿತವಿಲ್ಲದೆ ಒಂದೇ ಸಮನೆ ಝಿರ್ರೆನ್ನುವ ಬೈಗುಳ. ಪಕ್ಕದ ಮರದಿಂದ ಹಕ್ಕಿಯೊಂದು ಹೆದರಿ ಹಾರಿತು.

"ಅಷ್ಟೊಂದು ಬೇಕಿದ್ರೆ ನೀನೇ ಹೋಗಿ ತಾ."

"ಹೋಗ್ತೀನಿ!"

"ಯಾವಾಗ? ಹೊಳೆ ದಂಡೇಲಿ ಕೂತು ಕಾಲು ಮರೆತೋಗಿದೆ ನಿಂಗೆ."

"ಶನಿವಾರ. ಶನಿವಾರ ಹೋಗ್ತೀನಿ. ಯಾವ್ ಮರ?"

"ಬಂದು ತೋರಿಸ್ತೀನಿ ಬಿಡು. ಧೂಳಿಗೆ ಕೊರಳಿಗೊಂದು ಬಟ್ಟೆ ಕಟ್ಕೋ."

ಮನೆಯ ತನಕ ಒಂದು ಕೈಯಲ್ಲಿ ಸ್ಟಿಯರಿಂಗ್, ಒಂದು ಕೈಯಲ್ಲಿ ಜೀರುಂಡೆ. ಬೆಟ್ಟಕ್ಕೆ ಮಾಡಿದ ಅವಮಾನ, ಅವನಪ್ಪನ ಕ್ರಮ, ಬಾಣಲೆ ಹೊರುವ ಹೆಂಗಸರ ಬುದ್ಧಿ, ಒಂದಾದ ಮೇಲೊಂದು. ಬಾಣಲೆ ಒಲೆಯ ಮೇಲೆ ಇತ್ತು. ಅದರಲ್ಲೇ ಪಿತ್ತಜನಕಾಂಗ ಹುರಿದುಕೊಟ್ಟ, ಹುರಿಯುತ್ತಲೇ ಬೈದ.

ಕೋರಾ ಫೋನ್ ಮಾಡಿದಳು. "ಅಮ್ಮಾ, ಹಿಂದೆ ಅದೇನು ಸದ್ದು? ಮಿಕ್ಸಿನಾ?"

"ನಿಮ್ಮಪ್ಪ ಕಣೇ. ನಿನ್ನೆ ಮಧ್ಯಾಹ್ನದಿಂದ ಬಾಯಿ ಮುಚ್ಚಿಲ್ಲ."

ಆ ಕಡೆ ಹುಡುಗಿ ಅಳತೊಡಗಿದಳು. ಅಳುವಂಥದ್ದೇನಿದೆ, ಕಿವಿ ನೋಯುತ್ತಿರುವುದು ನನಗೆ. ಫೋನನ್ನು ಅವನ ಕತ್ತಿನ ಹತ್ತಿರ ಹಿಡಿದು ನಾನು ಹೊರಗೆ ಬಂದೆ.

ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಚೀಲ ಪಕ್ಕದಲ್ಲಿದೆ. ತಳದ ಉಣ್ಣೆಯ ಕಾಲುಚೀಲದಿಂದ ಕಲ್ಲನ್ನು ಈಗಷ್ಟೇ ತೆಗೆದೆ. ಬಿಟ್ಟು ಬರುವುದುಂಟೆ? ಕೊನೆಯ ಹೊರೆಯಲ್ಲಿ, ಹಿಂಗಾಲಿನ ಮಾಂಸದ ಕೆಳಗೆ, ಒಂದೊಂದು ಹೆಜ್ಜೆಗೂ ಬೈದುಕೊಂಡೇ ತಂದಿದ್ದೇನೆ. ಹಲಗೆಯ ಶಾಯಿಗೆ ಹಟವಿಲ್ಲ. ಹೆಬ್ಬೆರಳಿಗೆ ಉಗುಳು ಮಾಡಿ ಉಜ್ಜಿದೆ, ನನ್ನ ಹೆಸರು ಹೋಯಿತು. ಅವನ ಹಲಗೆಯ ಪೆನ್ನಿನಿಂದಲೇ ಅವನ ಹೆಸರು ಬರೆದೆ.

ಒಳಗೆ ಇನ್ನೂ ಝಿರ್ರೆನ್ನುತ್ತಿದ್ದಾನೆ. ಶನಿವಾರಕ್ಕೆ ಬೇಕೆಂದು ಅವನ ಹಳೆಯ ಚೀಲವನ್ನೂ ಅಟ್ಟದಿಂದ ಇಳಿಸಿದ್ದಾನೆ. "ನಾನೇ ಕಟ್ಕೋತೀನಿ" ಎಂದ. ಬೇಡ, ಸುಸ್ತಾಗುತ್ತೆ, ನೀನು ಕೂತ್ಕೋ ಎಂದಿದ್ದೇನೆ.

ಅವನ ಚೀಲ ಕಟ್ಟುವುದು ನಾನು.